ಒಂಬತ್ತು ಗಂಟೆಯ ಮೆಕ್ಸಿಕೋ

ಮೆಕ್ಸಿಕೋ ನೋಡಿದ್ದೇನೆ ಅಂದದ್ದೇ ತಪ್ಪಾಯಿತು.
ನೋಡಿದ್ದು ಬಂದರಿನ ಗೇಟು, ಒಂಬತ್ತು ಗಂಟೆ;
ಅದರಲ್ಲಿ ಐದು ಸಿಮ್ ಕಾರ್ಡಿನ ಸಾಲಿನಲ್ಲಿ,
ಉಳಿದದ್ದು ನೀರುಳ್ಳಿ ಮೂಟೆ ಎಣಿಸಿ ಹತ್ತಿಸಿದ್ದು.
ಹಡಗಿನ ಅಡುಗೆಯವನಿಗೆ ಊರೆಂದರೆ ಅಷ್ಟೆ.

ಆದರೂ ಪ್ರಾಪ್ತಿ ನೋಟ್‌ಬುಕ್ ಹಿಡಿದು ಕೂತಿದ್ದಾಳೆ
ಬೊಕ್ಕಪಟ್ಣದ ಜಗಲಿಯಲ್ಲಿ, ಪೆನ್ನಿನ ತುದಿ ಕಚ್ಚುತ್ತ:
"ಮಾಮ, ಅಲ್ಲಿ ಹುಡುಗಿಗೆ ಹದಿನೈದಕ್ಕೆ ಜೋರು ಮಾಡ್ತಾರಂತೆ, ಹೌದಾ?"
ಹೌದು ಅಂದೆ. ಯಾರಿಗೆ ಗೊತ್ತು.
"ನನಗೆ ಹದಿನೈದಕ್ಕೆ ಎಂತ ಮಾಡಿದ್ದು?"
ಒಳಗಿಂದ ವಾರಿಜ: "ಡ್ರಿಪ್ ಹಾಕಿದ್ದು."
ವೆನ್ಲಾಕಿನ ಡೆಂಗಿ ವಾರ್ಡು, ಸೊಳ್ಳೆಪರದೆಯ ಹೊರಗೆ ಕೇಕು,
ಕೊನೆಗೆ ನರ್ಸುಗಳು ಹಂಚಿ ತಿಂದದ್ದು.
ಹಾಗಾಗಿ ಈಗ ಹದಿನಾರಕ್ಕೆ. ಒಂದು ವರ್ಷ ತಡ, ಬಡ್ಡಿ ಸಮೇತ.

ಊಟಕ್ಕೆ ಟ್ಯಾಕೋ ಅಂತ ಬರೆದಳು.
ಕೋರಿರೊಟ್ಟಿಯ ರೊಟ್ಟಿಯನ್ನು ಹಬೆಗೆ ಹಿಡಿದು ಮಡಚಿದೆ,
ಮುರಿಯಿತು. ಇನ್ನೊಂದು, ಮುರಿಯಿತು.
ನಾಲ್ಕನೆಯದು ಅರ್ಧಚಂದ್ರವಾಗಿ ನಿಂತಿತು,
ಫೋಟೋ ತೆಗೆಯುವಷ್ಟು ಹೊತ್ತು.
ಅಮ್ಮ ಚೂರುಗಳನ್ನೆಲ್ಲ ಗಸಿಯಲ್ಲಿ ಮುಳುಗಿಸಿ ತಿಂದು
"ಇಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಮಾರಾಯ" ಅಂದರು.

ಮೆಣಸು ಬಂದದ್ದೇ ಅಲ್ಲಿಂದ ಅಂತ
ನಮ್ಮ ಸೆಕೆಂಡ್ ಎಂಜಿನಿಯರ್ ಹೇಳಿದ್ದ, ಪರಂಗಿಯವರ ಹಡಗಿನಲ್ಲಿ;
ಟೊಮೆಟೋ ಕೂಡ, ಚಿಕ್ಕು ಕೂಡ, ನಮ್ಮ ಗೊಂಡೆ ಹೂ ಕೂಡ.
ಅಮ್ಮ ನಂಬಲಿಲ್ಲ.
"ಮತ್ತೆ ಹಿರಿಯರು ಗಸಿಗೆ ಎಂತ ಹಾಕ್ತಿದ್ದರು, ಮಣ್ಣಾ?"
ಒಳ್ಳೆಮೆಣಸು ಅಂದೆ.
ಯಾರೋ ಹೋದ ಸುದ್ದಿ ಕೇಳಿದವರ ಹಾಗೆ
ತಟ್ಟೆಯ ಕೆಂಪನ್ನೇ ನೋಡುತ್ತ ಕೂತರು.

ಆಮೇಲೆ ಪಿನ್ಯಾಟಾ. ಮೊಸರುಕುಡಿಕೆಯ ಮಡಿಕೆಗೆ
ಕಾಗದದ ಲಂಗ ತೊಡಿಸಿದ ಹಾಗೆ, ಅಂತ ವಿವರಿಸಿದೆ
ಸಿಪ್ರಿಯನ್ ಪೊರ್ಬುಗಳಿಗೆ.
ಅವರದ್ದು ದೀಪಾವಳಿಗೆ ಗೂಡುದೀಪ, ಕ್ರಿಸ್ಮಸಿಗೆ ನಕ್ಷತ್ರ,
ಎರಡಕ್ಕೂ ಒಂದೇ ಬಿದಿರು, ಒಂದೇ ಗೋಂದು.
"ಏಳು ಮೂಲೆ, ಆಯಿತು. ಹೋಲ್ಡರ್ ಎಲ್ಲಿ ಇಡುವುದು?"
ಬಲ್ಬ್ ಬೇಡ ಪೊರ್ಬುಲೇ, ಒಳಗೆ ಮಿಠಾಯಿ.
"ಮತ್ತೆ?"
ಮತ್ತೆ ಕಣ್ಣಿಗೆ ಬಟ್ಟೆ ಕಟ್ಟಿ ದೊಣ್ಣೆಯಲ್ಲಿ ಹೊಡೆಯುವುದು.
ಕನ್ನಡಕ ತೆಗೆದು ಒರೆಸಿದರು.
ನಲವತ್ತು ವರ್ಷದಲ್ಲಿ ಒಡೆಯಲಿಕ್ಕೆಂದೇ
ಯಾರೂ ಮಾಡಿಸಿಕೊಂಡಿರಲಿಲ್ಲ.
"ಗುರುವಾರ ಬನ್ನಿ. ಹೊಡೆಯುವಾಗ ನನ್ನನ್ನು ಕರೆಯಬೇಡಿ."

ಪಟ್ಟಿಯ ಕೊನೆಗೆ, ಸಣ್ಣ ಅಕ್ಷರದಲ್ಲಿ: ಚಪ್ಪಲಿ.
ಅಪ್ಪ ಮಂಡಿಯೂರಿ ಮಗಳ ಹಳೇ ಚಪ್ಪಲಿ ಬಿಚ್ಚಿ
ಹೀಲ್ಡ್ ಹಾಕಿಸುವುದಂತೆ, ಎಲ್ಲರ ಎದುರು.
ವಾರಿಜ ಬಂಗುಡೆ ಕೊಯ್ಯುತ್ತಿದ್ದ ಕತ್ತಿಯನ್ನು
ಹಾಗೆಯೇ ಹಿಡಿದು ನಿಂತಳು.
ಭಾವ ಕಾರವಾರದ ಕಡೆ ಬೇರೆ ಮನೆ ಮಾಡಿ ಆರು ವರ್ಷ.
"ಮಾಮ, ಅಪ್ಪ ಬಾರದಿದ್ದರೆ ಅಲ್ಲಿ ಹೇಗೆ ಮಾಡ್ತಾರೆ?"
ಈ ಸಲ ತಡವರಿಸಲಿಲ್ಲ.
"ಮಾಮನೇ ಹಾಕುವುದು. ಅಲ್ಲಿಯೂ ಅಳಿಯಕಟ್ಟೇ."
ಪ್ರಾಪ್ತಿ ಬರೆದುಕೊಂಡಳು.
ಅಮ್ಮ ನನ್ನ ಮುಖ ನೋಡಿ ಎಲೆಅಡಿಕೆ ಪೆಟ್ಟಿಗೆ ಹುಡುಕಲು ಹೋದರು.

ಹಂಪನಕಟ್ಟೆಯಿಂದ ತಂದದ್ದು, ಬೆಳ್ಳಿ ಬಣ್ಣ, ಏಳನೇ ನಂಬರು.
ಅಭ್ಯಾಸಕ್ಕೆ ಕೂತರೆ ಬಕಲಿನ ತೂತು ಸಿಗುವುದಿಲ್ಲ;
ಎಣ್ಣೆ ಸಿಡಿದು ಸುಟ್ಟ ಹೆಬ್ಬೆರಳಿಗೆ ಸೂಕ್ಷ್ಮ ತಿಳಿಯದು.
ಏಳಲು ಹೋದರೆ ಮಂಡಿ ಕಟ್ಟೆಂದಿತು.

ರಾತ್ರಿ ಮುಂಬಯಿಯ ಏಜೆಂಟನ ಮೆಸೇಜು:
ಹದಿನೆಂಟಕ್ಕೆ ಹಡಗು ಹತ್ತಬೇಕು.
ಹುಟ್ಟುಹಬ್ಬ ಇಪ್ಪತ್ತೆರಡಕ್ಕೆ.
"ಕಾಲಿನ ಸಮಸ್ಯೆ ಉಂಟು ಸರ್, ಎರಡು ವಾರ ಬೇಕು" ಅಂತ ಕಳಿಸಿದೆ.
ಯಾರ ಕಾಲು ಅಂತ ಬರೆಯಲಿಲ್ಲ.

ಬೆಳಿಗ್ಗೆ ನೋಟ್‌ಬುಕ್ ಜಗಲಿಯಲ್ಲೇ ಇತ್ತು.
ಮಿಠಾಯಿ ಎರಡು ಕಿಲೋ, ಬೆಣ್ಣೆಹಣ್ಣು ಹನ್ನೆರಡು,
ಗೊಂಡೆ ಮಾಲೆ ಇಪ್ಪತ್ತು ಮೊಳ,
ಅದರ ಕೆಳಗೆ ಬೇರೆ ಶಾಯಿಯಲ್ಲಿ,
ಮಾಮನ ಮಂಡಿಗೆ ಒಂದು ದಿಂಬು.